ಯಾರೂ ಬರೆಯದ ನಾಲ್ಕು ಸಾಲು

ಪರ್ತ್: ತೆರೆದ ಪೆಟ್ಟಿಗೆ

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದ ಅಧಿಕಾರಿ ಗಂಡಸೋ ಹೆಂಗಸೋ ಎನ್ನುವುದು ಈಗ ನನಗೆ ಖಚಿತವಿಲ್ಲ. ಡೈರಿಯಲ್ಲಿ ‘ಅಧಿಕಾರಿ, ನೀಲಿ ಕೈಗವಸು’ ಎಂದಷ್ಟೇ ಬರೆದುಕೊಂಡಿದ್ದೇನೆ. ಮೈಸೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದವಳು ನಾನು. ಒಬ್ಬರ ನೆನಪನ್ನು ನಂಬುವ ಮೊದಲು ಎರಡನೆಯ ಆಧಾರ ಹುಡುಕಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಈ ಬರಹದ ಬಹುಪಾಲಿಗೆ ನನ್ನ ಬಳಿ ಎರಡನೆಯ ಆಧಾರವಿಲ್ಲ. ಕೆಲವು ಮಾತುಗಳು ಯಾರು ಆಡಿದ್ದು ಎಂಬುದೂ ಅದಲುಬದಲಾಗಿರಬಹುದು. ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಪೆಟ್ಟಿಗೆಯಲ್ಲಿದ್ದದ್ದು ಚಟ್ನಿಪುಡಿ, ಕೋಡುಬಳೆ, ಹುರಿಹಿಟ್ಟು. ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡದಿರಲೆಂದು ಎಲ್ಲವನ್ನೂ ಹಳೆಯ ಮೈಸೂರು ಪತ್ರಿಕೆಗಳಲ್ಲಿ ಸುತ್ತಿದ್ದೆ. ಅಧಿಕಾರಿ ಒಂದೊಂದನ್ನೂ ಬಿಚ್ಚಿ, ಮೂಸಿ, ಪಕ್ಕಕ್ಕಿಟ್ಟರು. ಕೊನೆಗೆ ತಳದಲ್ಲಿದ್ದ ಲ್ಯಾಮಿನೇಟ್ ಮಾಡಿಸಿದ ಹಾಳೆಯನ್ನು ಎತ್ತಿ ಹಿಡಿದು, ಇದೇನು ಎಂದು ಕೇಳಿದರು.

ನನ್ನ ತಮ್ಮ ಎಂದೆ.

ಅದು ಪತ್ರಿಕೆಯ ತುಣುಕು. ಅದರಲ್ಲಿ ಶ್ರೀಕಂಠನ ಚಿಕ್ಕ ಫೋಟೊ, ಕೆಳಗೆ ನಾಲ್ಕು ಸಾಲು. ಓದಿ ಹೇಳುತ್ತೀರಾ ಎಂದರು. ಸಂಶಯಕ್ಕಲ್ಲ, ಸೌಜನ್ಯಕ್ಕೆ ಕೇಳಿದರೆಂದು ಕಾಣುತ್ತದೆ. ಇಂಗ್ಲಿಷಿನಲ್ಲಿ ಹೇಳಿದೆ: ‘ಮೈಸೂರು ಮೂಲದ, ಆಸ್ಟ್ರೇಲಿಯಾದ ಬ್ರಿಸ್ಬೇನ್ ನಿವಾಸಿ, ಹಿರಿಯ ಭೂವಿಜ್ಞಾನಿ ಶ್ರೀಕಂಠ, ಐವತ್ತೊಂದು ವರ್ಷ, ಹೃದಯಾಘಾತದಿಂದ ನಿಧನರಾದರು. ಪತ್ನಿ, ಪುತ್ರಿ, ಸೋದರಿಯನ್ನು ಅಗಲಿದ್ದಾರೆ.’ ಅಧಿಕಾರಿ ‘ಸಾರಿ’ ಎಂದು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಂತಿರುಗಿಸಿದರು. ಚಟ್ನಿಪುಡಿ ಉಳಿಯಿತು. ಹುರಿಹಿಟ್ಟು ಹೋಯಿತು.

ಆ ನಾಲ್ಕು ಸಾಲಿನಲ್ಲಿ ಎಷ್ಟು ಸುಳ್ಳಿದೆ ಎಂದು ನನಗೆ ಆಗಲೇ ಗೊತ್ತಿತ್ತು. ಬರೆದುಕೊಟ್ಟವಳು ನಾನೇ.

ಶ್ರೀಕಂಠ ಹೋಗಿ ಎರಡು ವರ್ಷವಾಗಿತ್ತು. ಆಗ ವೀಸಾ ಸಿಗದೆ ನಾನು ಬರಲಿಲ್ಲ. ಈಗ ಬಂದದ್ದು ಅವನ ಹೆಂಡತಿ ವಸುಧಾಳನ್ನು ನೋಡಲು. ಅವಳಿರುವುದು ಅಡಿಲೇಡಿನಲ್ಲಿ. ಮೊದಲು ಪರ್ತಿನಲ್ಲಿರುವ ಅವನ ಸ್ನೇಹಿತ, ಆಮೇಲೆ ಅವನು ಬದುಕಿದ್ದ ಊರು, ಅವನು ಸತ್ತ ಜಾಗ, ಕೊನೆಗೆ ಅವಳು ಎಂದು ನಾನೇ ಕ್ರಮ ಹಾಕಿಕೊಂಡಿದ್ದೆ.

ಪರ್ತ್: ಯಾರೂ ಸಾಯದ ಪತ್ರಿಕೆ

ನಾಗೇಂದ್ರ ನನ್ನ ತಮ್ಮನ ಸ್ನೇಹಿತ, ಅವನಂತೆಯೇ ಭೂವಿಜ್ಞಾನಿ. ಎರಡು ವಾರ ಉತ್ತರದ ಗಣಿಯಲ್ಲಿದ್ದು ಒಂದು ವಾರ ಪರ್ತಿನ ಮನೆಗೆ ಬರುತ್ತಾನೆ. ನಾನು ಡಬ್ಬಿಗಳನ್ನು ಬಿಚ್ಚಿ ಕೊಟ್ಟರೆ ಅವನು ಕೋಡುಬಳೆಯ ಕಡೆ ತಿರುಗಿಯೂ ನೋಡಲಿಲ್ಲ. ಎಣ್ಣೆ ಹಿಡಿದ ಪತ್ರಿಕೆಗಳನ್ನು ಊಟದ ಮೇಜಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ, ಓದತೊಡಗಿದ.

“ಕೇಳಿದ್ಯೇನೇ,” ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದ. “ನಾಳೆ ಸರಸ್ವತಿಪುರಂಗೆ ನೀರು ಬರಲ್ವಂತೆ. ಬಕೆಟ್ ತುಂಬಿಸಿಡು.”

“ಹದಿನೈದು ದಿನದ ಹಿಂದಿನ ನಾಳೆ ಅದು,” ಎಂದೆ.

“ಇರ್ಲಿ ಬಿಡಿ ಅಕ್ಕ. ನಾವಿರೋ ಬೀದೀಲಿ ನಾಳೆ ಏನಾಗುತ್ತೆ ಅಂತ ಹೇಳೋ ಪೇಪರ್ ಇಲ್ಲ. ಹದಿನೈದು ದಿನ ಹಳೇದಾದ್ರೂ ಅಲ್ಲೀದು ಗೊತ್ತಾಗ್ಲಿ.”

ಮರುದಿನ ಬೆಳಿಗ್ಗೆ ಅವನ ಬೀದಿಯಲ್ಲಿ ನಡೆದೆ. ಮನೆಗಳ ಮುಂದೆ ಹುಲ್ಲು, ಹುಲ್ಲಿನಾಚೆ ರಸ್ತೆ. ಯಾರೂ ಇಲ್ಲ. ಮೊದಲು ಪ್ರತಿ ವಾರ ಬಡಾವಣೆಯದೇ ಪತ್ರಿಕೆಯೊಂದನ್ನು ಮನೆಮನೆಯ ಮುಂದೆ ಉಚಿತವಾಗಿ ಎಸೆದು ಹೋಗುತ್ತಿದ್ದರಂತೆ. ಅರ್ಧ ಜನ ಅದನ್ನು ಎತ್ತಿಕೊಳ್ಳುತ್ತಲೂ ಇರಲಿಲ್ಲ, ಮಳೆಗೆ ನೆನೆದು ಹುಲ್ಲಿಗೆ ಅಂಟಿಕೊಳ್ಳುತ್ತಿತ್ತು ಎಂದ ನಾಗೇಂದ್ರ. ನಿಂತ ಮೇಲೆ ಎರಡು ತಿಂಗಳು ಯಾರಿಗೂ ಗೊತ್ತೇ ಆಗಲಿಲ್ಲವಂತೆ.

ಅವನನ್ನು ದೂರುವ ಹಕ್ಕು ನನಗಿಲ್ಲ. ಕೊರೋನಾ ಕಾಲದಲ್ಲಿ ಪತ್ರಿಕೆಯಿಂದ ಸೋಂಕು ಬರುತ್ತದೆ ಎಂದು ಯಾರೋ ಹೇಳಿದಾಗ ನಮ್ಮೂರಿನ ಸಂಜೆ ಪತ್ರಿಕೆಯನ್ನು ನಿಲ್ಲಿಸಿದವಳು ನಾನು. ಸೋಂಕು ಹೋಯಿತು, ಪತ್ರಿಕೆಯನ್ನು ಮತ್ತೆ ಹಾಕಿಸಲಿಲ್ಲ. ಡಬ್ಬಿಗೆ ಸುತ್ತಿದ್ದು ಪಕ್ಕದ ಮನೆಯಿಂದ ಕೇಳಿ ತಂದದ್ದು.

ಸಂಜೆ ಕಾರಿಗೆ ಪೆಟ್ರೋಲ್ ಹಾಕಿಸಲು ಹೊರಟವನು ನನ್ನನ್ನೂ ಕರೆದ. “ಸರ್ವೋಗೆ ಹೋಗಿ ಬಂದ್ಬಿಡೋಣ ಬನ್ನಿ ಅಕ್ಕ.” ಪೆಟ್ರೋಲ್ ಬಂಕಿಗೆ ಅಲ್ಲಿ ಸರ್ವೋ ಎನ್ನುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ಹೇಳಲು ಕರೆದನೆಂದು ದಾರಿಯಲ್ಲಿ ತಿಳಿಯಿತು.

“ಶ್ರೀಕಂಠನ ಪ್ರಾಜೆಕ್ಟ್ ಮುಗಿದು ಕೆಲಸ ಹೋಗಿದ್ದು ಅವನು ಸಾಯೋಕೆ ಒಂದೂವರೆ ವರ್ಷ ಮುಂಚೆ. ನಿಮಗೆ ಗೊತ್ತಿತ್ತಾ?”

“ಆಗ ಗೊತ್ತಿರಲಿಲ್ಲ.”

“ಇಪ್ಸ್‌ವಿಚ್ ಕಡೆ ವೇರ್‌ಹೌಸಲ್ಲಿ ಕೆಲಸ ಸಿಕ್ತು, ತಾತ್ಕಾಲಿಕ ಅಂತ ಹೋದ. ಅಕ್ಕಂಗೆ ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ದ.” ಕಾರನ್ನು ಸರ್ವೋದೊಳಗೆ ತಿರುಗಿಸಿ ಮುಂದುವರಿಸಿದ. “ನಮ್ಮ ಗಣಿ ಊರಲ್ಲೂ ಒಂದು ಪೇಪರ್ ಇತ್ತು. ಮುಚ್ಚೋಯ್ತು. ಈಗ ಕಂಪನಿನೇ ನ್ಯೂಸ್‌ಲೆಟರ್ ಕಳಿಸುತ್ತೆ. ಚೆನ್ನಾಗಿರುತ್ತೆ, ಕಲರ್ ಫೋಟೊ ಎಲ್ಲ. ಅದರಲ್ಲಿ ಯಾರೂ ಸಾಯಲ್ಲ ಅಷ್ಟೆ.”

ನಾರ್ತ್ ಲೇಕ್ಸ್

ಬ್ರಿಸ್ಬೇನಿನ ಉತ್ತರಕ್ಕಿರುವ ನಾರ್ತ್ ಲೇಕ್ಸ್‌ನಲ್ಲಿ ಪ್ರಸನ್ನನ ಮನೆ. ಅವನು ಅಲ್ಲಿಯ ಕನ್ನಡಿಗರ ಒಂದು ಬಳಗದ ಕಾರ್ಯದರ್ಶಿ. ನನ್ನನ್ನು ನೋಡಿದವನೇ ಕಾಲಿಗೆ ನಮಸ್ಕಾರ ಮಾಡಿದ. ಅವನ ಇಬ್ಬರು ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಒಳಗೆ ಓಡಿದರು.

“ಶ್ರೀಕಂಠ ಸರ್ ಪೇಪರ್ ಕಟಿಂಗ್ ಗ್ರೂಪಿಗೆ ಹಾಕಿದ್ದು ನಾನೇ ಆಂಟಿ,” ಎಂದ. “ವಸುಧಾ ಆಂಟಿ ಯಾರ ಫೋನೂ ಎತ್ತುತಾ ಇರ್ಲಿಲ್ಲ. ಏನಾಯ್ತು ಅಂತ ಜನ ಕೇಳ್ತಾನೇ ಇದ್ರು. ಇಲ್ಲಿ ಯಾವ ಪೇಪರಲ್ಲೂ ಒಂದು ಲೈನ್ ಇಲ್ಲ. ಮೈಸೂರಿಂದ ಯಾರೋ ಅದನ್ನ ಕಳಿಸಿದಾಗ ಎಲ್ಲರಿಗೂ ಸಮಾಧಾನ ಆಯ್ತು. ಸದ್ಯ, ಗೊತ್ತಾಯ್ತಲ್ಲ ಅಂತ.”

ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ನಾನು ಅದನ್ನು ಮೊದಲೇ ನೋಡಿದ್ದೆ. ಸಭಾಂಗಣದ ಗೋಡೆಗೆ ಕಟ್ಟಿದ ಬ್ಯಾನರ್, ಅದರಲ್ಲಿ ನನ್ನ ತಮ್ಮನ ಅದೇ ಚಿಕ್ಕ ಫೋಟೊ ದೊಡ್ಡದಾಗಿ ಮಸುಕಾಗಿ, ಕೆಳಗೆ ‘ದಿವಂಗತ ಶ್ರೀಕಂಠ ಅವರ ಸ್ಮರಣಾರ್ಥ ಹೃದಯ ತಪಾಸಣಾ ಶಿಬಿರ’. ಬಿ.ಪಿ. ನೋಡುವ ಮೇಜಿನ ಮುಂದೆ ಸಾಲು. ಸತ್ತ ನಾಲ್ಕನೆಯ ತಿಂಗಳಲ್ಲಿ ಮಾಡಿದ್ದು. ಆಗ ಪ್ರಸನ್ನ ಈ ಚಿತ್ರವನ್ನು ನನಗೂ ಕಳಿಸಿದ್ದ. ‘ಧನ್ಯವಾದಗಳು, ಅವನ ಆತ್ಮಕ್ಕೆ ಶಾಂತಿ’ ಎಂದು ನಾನು ಉತ್ತರ ಬರೆದಿದ್ದೆ. ಆ ಉತ್ತರ ಅವನ ಫೋನಿನಲ್ಲಿ ಇನ್ನೂ ಇತ್ತು. ಇದಕ್ಕಾದರೂ ಎರಡನೆಯ ಆಧಾರವಿದೆ.

ಇಲ್ಲಿ ನಾನು ಹಿಂದಕ್ಕೆ ಹೋಗಿ ಹೇಳಬೇಕು.

ವಸುಧಾಳ ಫೋನು ಬಂದದ್ದು ಬೆಳಿಗ್ಗೆ. ನಾನು ಸೊಪ್ಪು ಬಿಡಿಸುತ್ತಿದ್ದೆ. ಅವಳು ಅಳುತ್ತಿದ್ದಳು. ‘ರಸ್ತೇಲಿ ಬಿದ್ದಿದ್ರಂತೆ ಅತ್ತಿಗೆ’ ಎಂದದ್ದು ಮಾತ್ರ ಖಚಿತವಾಗಿ ನೆನಪಿದೆ. ನಮ್ಮ ಅಪ್ಪನೂ ಹಾಗೆಯೇ, ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ರಸ್ತೆಯಲ್ಲಿ ಬಿದ್ದು ಹೋದವರು. ಅವರಿಗೆ ಆದದ್ದು ಹೃದಯಾಘಾತ. ವಸುಧಾ ‘ಹಾರ್ಟ್’ ಎಂದಳೋ, ನಾನೇ ‘ಹಾರ್ಟಾ?’ ಎಂದು ಕೇಳಿ ಅವಳು ಹೂಂ ಎಂದಳೋ, ಅಥವಾ ಇಬ್ಬರೂ ಏನೂ ಅನ್ನದೆ ನಾನೇ ಅಪ್ಪನ ಸಾವನ್ನು ತಮ್ಮನಿಗೆ ತೊಡಿಸಿಬಿಟ್ಟೆನೋ, ತಿಳಿಯದು. ಆ ದಿನದ ಡೈರಿಯಲ್ಲಿ ‘ಬೆಳಿಗ್ಗೆ ಫೋನು’ ಎಂದು ಎರಡೇ ಪದ.

ಸಂಜೆ ಪತ್ರಿಕೆಯ ಕಚೇರಿಗೆ ಹೋದೆ. ನಮ್ಮಲ್ಲಿ ನಿಧನ ವಾರ್ತೆ ಎಂದರೆ ಮನೆಯವರು ಬರೆದುಕೊಟ್ಟದ್ದೇ ವಾರ್ತೆ. ಗುಮಾಸ್ತ ಓದಿ ನೋಡಿ, “ಕಾರಣ ಹಾಕ್ಬಿಡಿ ಮೇಡಂ. ಇಲ್ದಿದ್ರೆ ಜನ ಫೋನ್ ಮಾಡಿ ಮಾಡಿ ಪ್ರಾಣ ತೆಗೀತಾರೆ,” ಎಂದ. ನಾನು ಅಂಚಿನಲ್ಲಿ ‘ಹೃದಯಾಘಾತದಿಂದ’ ಎಂದು ಸೇರಿಸಿದೆ. ಯಾರೂ ಏನೂ ಕೇಳಲಿಲ್ಲ.

ಅಂತ್ಯಕ್ರಿಯೆ ಬ್ರಿಸ್ಬೇನಿನಲ್ಲೇ ಆಯಿತು. ಉಳಿದ ಕರ್ಮಗಳನ್ನು ಮೈಸೂರಿನಲ್ಲಿ ದಾಯಾದಿಯೊಬ್ಬ ಮಾಡಿದ. ಅಪಘಾತದಲ್ಲಿ ಹೋದವರಾದರೆ ಮೊದಲು ನಾರಾಯಣ ಬಲಿ ಆಗಬೇಕು, ಆಮೇಲೆ ಉಳಿದದ್ದು ಎಂದು ಪುರೋಹಿತರು ಪಟ್ಟು ಹಿಡಿಯುತ್ತಾರೆ. ನೆಂಟರು ಬಾಯಿಗೊಂದು ಮಾತಾಡುತ್ತಾರೆ. ಪತ್ರಿಕೆ ನೋಡಿದ ಪುರೋಹಿತರು ಆ ಪ್ರಶ್ನೆಯನ್ನೇ ಎತ್ತಲಿಲ್ಲ. ಮೂರು ತಿಂಗಳ ನಂತರ, ವಿಮೆಯ ಕಾಗದಕ್ಕೆ ನನ್ನ ಸಹಿ ಬೇಕಾದಾಗ, ವಸುಧಾ ಫೋನಿನಲ್ಲಿ ನಿಜ ಸಂಗತಿ ಹೇಳಿದಳು: ಲಾರಿ, ವೇರ್‌ಹೌಸಿನ ರಸ್ತೆ, ಬೆಳಗಿನ ಜಾವ. ಆಗ ನಾನು ಪತ್ರಿಕೆಗೆ ತಿದ್ದುಪಡಿ ಕೊಡಬಹುದಿತ್ತು. ಕೊಡಲಿಲ್ಲ. ಕರ್ಮವೆಲ್ಲ ಮುಗಿದಿದೆ, ಮತ್ತೆ ಯಾಕೆ ಎಂದುಕೊಂಡೆ. ಹಿರಿಯ ಭೂವಿಜ್ಞಾನಿ ಎಂದು ಅಚ್ಚಾದದ್ದು ಹಾಗೇ ಇರಲಿ ಎಂಬ ಆಸೆಯೂ ಇತ್ತು ಎಂದು ಈಗ ಅನ್ನಿಸುತ್ತದೆ. ಅದಾಗಿ ಒಂದು ತಿಂಗಳಿಗೆ ಬ್ಯಾನರಿನ ಚಿತ್ರ ಬಂತು.

ಪ್ರಸನ್ನನಿಗೆ ಇದನ್ನೆಲ್ಲ ಆ ಸಂಜೆ ಹೇಳಲಿಲ್ಲ. ನಾಳೆ ಇಪ್ಸ್‌ವಿಚ್ ಕಡೆ ಹೋಗೋಣ, ಅವನು ಹೋದ ಜಾಗ ನೋಡಬೇಕು ಎಂದೆ ಅಷ್ಟೆ.

ಇಪ್ಸ್‌ವಿಚ್: ತಿರುವು

ಬ್ರಿಸ್ಬೇನಿನ ಪಶ್ಚಿಮಕ್ಕೆ, ಇಪ್ಸ್‌ವಿಚ್ ಊರಿನಿಂದ ಆಚೆ, ಬಾಗಿಲಿಗೆ ಅಂಕಿ ಬರೆದ ದೊಡ್ಡ ದೊಡ್ಡ ಶೆಡ್ಡುಗಳು. ನಡುವೆ ಅಗಲವಾದ ರಸ್ತೆ. ಬಸ್ಸು ರಸ್ತೆಯ ಈ ತುದಿಯಲ್ಲಿ ನಿಲ್ಲುತ್ತದೆ, ಕೆಲಸದ ಬಾಗಿಲು ಆ ತುದಿಯಲ್ಲಿ. ನಡೆಯಲು ದಾರಿ ಇಲ್ಲ. ರಸ್ತೆಯಂಚಿನ ಹುಲ್ಲಿನಲ್ಲಿ ಜನರ ಕಾಲಿಗೆ ಸವೆದು ಒಂದು ಕಾಲುಹಾದಿ ತಾನಾಗಿ ಬಿದ್ದಿದೆ. ತಿರುವಿನಲ್ಲಿ ಉದ್ದನೆಯ ಲಾರಿಗಳು ತಿರುಗುವಾಗ ಹಿಂದಿನ ಗಾಲಿಗಳು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹತ್ತುತ್ತವೆ. ಗಾಲಿಯ ಗುರುತು ಕಾಲುಹಾದಿಯನ್ನು ದಾಟಿ ಹೋಗಿತ್ತು. ಒಂದಲ್ಲ, ಹತ್ತಾರು, ಒಂದರ ಮೇಲೊಂದು.

ಇತಿಹಾಸದವಳಿಗೆ ಅದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿರಲಿಲ್ಲ.

ಪಾಳಿ ಬಿಟ್ಟು ಬರುತ್ತಿದ್ದವರು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಒಬ್ಬರ ಹಿಂದೊಬ್ಬರು ಅದೇ ಹಾದಿಯಲ್ಲಿ ಬಂದರು. ಸೀರೆಯುಟ್ಟು ನಿಂತ ನನ್ನನ್ನು ಕಂಡು ಒಬ್ಬ ವಯಸ್ಸಾದವನು, ದಾರಿ ತಪ್ಪಿತೇನಮ್ಮ ಎಂದು ಕೇಳಿದ. ಎರಡು ವರ್ಷದ ಹಿಂದೆ ಇಲ್ಲಿ ಒಬ್ಬರು ಲಾರಿಗೆ ಸಿಕ್ಕಿ ಸತ್ತದ್ದು ಗೊತ್ತೇ ಎಂದೆ. ಅವನಿಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು, ಇಲ್ಲಿ ಯಾರೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದ. “ಇಲ್ಲೇನಾ?” ಎಂದು ತನ್ನ ಕಾಲ ಕೆಳಗೆ ನೋಡಿಕೊಂಡ. ಆಮೇಲೆ ಹುಲ್ಲಿನ ಇನ್ನೂ ಒಳಭಾಗಕ್ಕೆ ಸರಿದು ನಡೆದುಹೋದ.

ಹಿಂದೆ ನಿಂತಿದ್ದ ಪ್ರಸನ್ನನಿಗೆ ನನ್ನ ಪ್ರಶ್ನೆ ಕೇಳಿಸಿತ್ತು.

“ಲಾರಿನಾ ಆಂಟಿ?”

“ಹೌದಪ್ಪ.”

ಕಾರಿನಲ್ಲಿ ಕೂತ ಮೇಲೆ, “ಹಾಗಾದ್ರೆ ಒಂದು ಮನೆಗೆ ಹೋಗ್ಬೇಕು,” ಎಂದ. ಅವನ ದನಿ ಬದಲಾಗಿತ್ತು.

ಹದಿನೈದು ನಿಮಿಷದ ದಾರಿ. ಶೋಭಾ ಎಂಬ ಹೆಣ್ಣುಮಗಳು ಬಾಗಿಲು ತೆರೆದಳು. ತುಮಕೂರಿನವಳು, ಮೂವತ್ತರ ಆಚೀಚೆ. ಎಡಗೈಯಲ್ಲಿ ಊರುಗೋಲು. ಎಡಗಾಲು ಮಂಡಿಯ ಕೆಳಗೆ ಒಳಮುಖವಾಗಿ ತಿರುಗಿತ್ತು.

“ಬನ್ನಿ ಆಂಟಿ. ಶ್ರೀಕಂಠ ಅಂಕಲ್ ಅಕ್ಕ ಅಂತೆ, ಪ್ರಸನ್ನ ದಾರೀಲಿ ಮೆಸೇಜ್ ಮಾಡಿದ್ರು. ನಾನು ಅವರನ್ನ ನೋಡಿಲ್ಲ, ಅವರು ಹೋಗಿ ಒಂದೆರಡು ತಿಂಗಳಾದ್ಮೇಲೆ ನಾನು ಈ ಊರಿಗೆ ಬಂದು ವೇರ್‌ಹೌಸಿಗೆ ಸೇರಿದ್ದು. ಆದ್ರೆ ಅವರ ಹೆಸರಿನ ಕ್ಯಾಂಪಿಗೆ ಹೋಗಿದ್ದೆ. ಬಿ.ಪಿ. ನಾರ್ಮಲ್ ಅಂದ್ರು, ಹಾರ್ಟ್ ಚೆನ್ನಾಗಿದೆ ಅಂದ್ರು.” ಅವಳು ನಕ್ಕಳು. “ಅದಾಗಿ ಮೂರನೇ ವಾರ ಈ ಕಾಲು. ಬೆಳಗಿನ ಬಿಸಿಲು ಕಣ್ಣಿಗೆ ಹೊಡೀತು ಅಂದ ಲಾರಿಯವನು.”

“ಎಲ್ಲಿ?” ಎಂದೆ. ಕೇಳುವ ಅಗತ್ಯವಿರಲಿಲ್ಲ.

“ಆ ತಿರುವಲ್ಲಿ. ಗೇಟಿಗಿಂತ ಸ್ವಲ್ಪ ಮುಂಚೆ.”

ನನ್ನ ಕೈಚೀಲದಲ್ಲಿ ಲ್ಯಾಮಿನೇಟ್ ಹಾಳೆಯಿತ್ತು. ಅದರ ಮೂಲೆ ನನ್ನ ಬೆರಳಿಗೆ ಚುಚ್ಚುತ್ತಿತ್ತು.

“ನನ್ನ ತಮ್ಮನೂ ಅಲ್ಲೇ ಹೋದದ್ದಮ್ಮ. ಲಾರಿಗೆ ಸಿಕ್ಕಿ.”

ಶೋಭಾ ನನ್ನ ಮುಖ ನೋಡಿದಳು. “ಹಾರ್ಟ್ ಅಟ್ಯಾಕ್ ಅಲ್ವಾ? ಪೇಪರಲ್ಲಿ ಬಂದಿತ್ತಲ್ಲ?”

“ಅದನ್ನ ಬರೆದುಕೊಟ್ಟವಳು ನಾನು.”

ಒಳಗೆ ಟಿವಿ ನೋಡುತ್ತಿದ್ದ ಅವಳ ಗಂಡ ಅದರ ಸದ್ದು ಕಡಿಮೆ ಮಾಡಿದ. ಪ್ರಸನ್ನ ನೆಲ ನೋಡುತ್ತಿದ್ದ. ಅವಳು ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಗೊತ್ತಿದ್ದಿದ್ರೆ ಆ ಕೆಲಸಕ್ಕೇ ಹೋಗ್ತಿರ್ಲಿಲ್ಲ ಅಂತ ಹೇಳಲ್ಲ ಆಂಟಿ,” ಎಂದಳು ನಿಧಾನವಾಗಿ. “ಕೆಲಸ ಬೇಕಿತ್ತು. ಆದ್ರೆ ಆ ತಿರುವು ಅಂತ ಒಂದು ಇದೆ ಅಂತ ಗೊತ್ತಿರ್ತಿತ್ತು. ನಾನು ಅಲ್ಲಿ ಫೋನಲ್ಲಿ ಅಮ್ಮನ ಜೊತೆ ಮಾತಾಡ್ತಾ ಹೋಗ್ತಿದ್ದೆ ದಿನಾ.” ಆಮೇಲೆ ಗಂಡನ ಕಡೆ ತಿರುಗಿ, “ಕಾಫಿಗೆ ಇಡ್ರೀ,” ಎಂದಳು.

ಆ ಕಾಫಿ ಕುಡಿದೆನೋ ಇಲ್ಲವೋ ನೆನಪಿಲ್ಲ. ಡೈರಿಯಲ್ಲೂ ಇಲ್ಲ.

ಆ ರಸ್ತೆ ಸರ್ಕಾರದ್ದೋ ಶೆಡ್ಡುಗಳ ಮಾಲೀಕರದ್ದೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ ಎಂದು ಹಿಂತಿರುಗುವಾಗ ಪ್ರಸನ್ನ ಹೇಳಿದ. ಶೋಭಾಳ ಗಂಡ ಬರೆದ ಪತ್ರಗಳಿಗೆ ಬಂದ ಉತ್ತರ ಅದೇ: ಆ ಜಾಗದಲ್ಲಿ ಹಿಂದೆ ಅಪಘಾತವಾಗಿದೆ ಎಂಬ ದೂರು ನಮ್ಮ ಗಮನಕ್ಕೆ ಬಂದಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ನೀವು ಒಂದು ಮಾತು ಹೇಳಿದ್ರೆ ಗ್ರೂಪಲ್ಲಿ ಹಾಕ್ತಿದ್ದೆ ಆಂಟಿ,” ಎಂದ. ಅಷ್ಟೇ ಅವನು ಅಂದದ್ದು.

ಇಪ್ಸ್‌ವಿಚ್: ಮೌರೀನ್

ಮರುದಿನ ಒಬ್ಬಳೇ ರೈಲಿನಲ್ಲಿ ಹೋದೆ. ಬಾಗಿಲು ತಾನಾಗಿ ತೆರೆಯುತ್ತದೆಂದು ಕಾಯುತ್ತ ನಿಂತಿದ್ದೆ. ಗುಂಡಿ ಒತ್ತಬೇಕಂತೆ. ನನ್ನ ನಿಲ್ದಾಣ ಕಣ್ಣೆದುರೇ ಹಿಂದೆ ಸರಿಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ಬರುವ ಹೊತ್ತಿಗೆ ಹನ್ನೊಂದಾಗಿತ್ತು.

ನಾನು ಹುಡುಕಿಕೊಂಡು ಹೋದದ್ದು ಆ ಭಾಗದ ಒಂದು ಗ್ರಂಥಾಲಯದ ಸ್ಥಳೀಯ ಚರಿತ್ರೆಯ ಕೋಣೆ. ಅಲ್ಲಿ ಊರಿನ ಪತ್ರಿಕೆಯ ಹಳೆಯ ಸಂಪುಟಗಳನ್ನು ದಪ್ಪ ರಟ್ಟು ಹಾಕಿ ಜೋಡಿಸಿದ್ದರು. ಗೋಡೆಯುದ್ದಕ್ಕೂ ಕಪಾಟು. ಮುಂದೆ ಬರಲಿರುವ ಸಂಪುಟಗಳಿಗೆಂದು ಕಟ್ಟಿಸಿದ್ದ ಕೊನೆಯ ಮೂರು ಖಾನೆಗಳು ಮಾತ್ರ ಬೇರೆ. ಅವುಗಳಲ್ಲಿ ಚಿತ್ರ ಜೋಡಿಸುವ ಆಟದ ಪೆಟ್ಟಿಗೆಗಳಿದ್ದವು, ಸಾವಿರ ತುಂಡಿನವು, ಮನೆಗೆ ಒಯ್ಯಬಹುದು.

ಕೋಣೆಯನ್ನು ನೋಡಿಕೊಳ್ಳುವ ಮೌರೀನ್ ಎಂಬಾಕೆ ಆ ಪತ್ರಿಕೆಯ ವರದಿಗಾರ್ತಿಯಾಗಿದ್ದವರು. ಎಪ್ಪತ್ತರ ಹತ್ತಿರ, ಸಣ್ಣ ಮೈಕಟ್ಟು. ಪತ್ರಿಕೆ ಮೊದಲು ಮುದ್ರಣ ನಿಲ್ಲಿಸಿ, ಆಮೇಲೆ ಫೋನಿನಲ್ಲಿ ಮಾತ್ರ ಉಳಿದು, ಆಮೇಲೆ ದೊಡ್ಡ ನಗರದ ಪತ್ರಿಕೆಯೊಳಗೆ ಕರಗಿತಂತೆ. ಈಗ ವಾರಕ್ಕೆರಡು ದಿನ ಇಲ್ಲಿ ಸಂಬಳವಿಲ್ಲದೆ ಕೂರುತ್ತಾರೆ. ನನ್ನ ಕಥೆ ಕೇಳಿದ ಮೇಲೆ ಅವರು ಮೊದಲು ಕೇಳಿದ್ದು, “ಗಂಟೆ ಎಷ್ಟು?”

“ಬೆಳಗಿನ ಜಾವ.”

“ಜಾವ ಗಂಟೆಯಲ್ಲ,” ಎಂದರು.

ತಮ್ಮ ಕೆಲಸದ ರೀತಿಯನ್ನು ಆಮೇಲೆ ವಿವರಿಸಿದರು. ಪ್ರತಿದಿನ ಏಳು ಗಂಟೆಗೆ ಮೂರು ಫೋನು: ಪೊಲೀಸು, ಆಂಬುಲೆನ್ಸು, ಅಗ್ನಿಶಾಮಕ ದಳ. ಕೇಳುವುದು ಒಂದೇ ಪ್ರಶ್ನೆ, ‘ರಾತ್ರಿಯಿಂದ ಏನಾದರೂ?’ ಹೆಚ್ಚು ದಿನ ಏನೂ ಇರುತ್ತಿರಲಿಲ್ಲ. ಆದರೆ ಕೇಳುತ್ತಿದ್ದರು. ಕೇಳಿದರೆ ಅವರು ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ, ಅವರದೇನೂ ತಪ್ಪಲ್ಲ ಎಂದರು. “ನಿಮ್ಮ ತಮ್ಮನಿಗೆ ನಾಲ್ಕು ಸಾಲು ಸಿಗುತ್ತಿತ್ತು, ಐದನೆಯ ಪುಟದಲ್ಲಿ. ಆ ಹುಡುಗಿಗೆ ಆರು ಸಾಲು, ಯಾಕೆಂದರೆ ಅದು ಎರಡನೆಯದು. ಮೂರನೆಯದಕ್ಕೆ ಮೊದಲೇ ನಾನು ಛಾಯಾಗ್ರಾಹಕನನ್ನು ಕರೆದುಕೊಂಡು ಹೋಗಿ ಆ ಹುಲ್ಲಿನ ಮೇಲೆ ನಿಂತಿರುತ್ತಿದ್ದೆ. ಆಗ ರಸ್ತೆ ಯಾರದೆಂದು ಒಂದೇ ವಾರದಲ್ಲಿ ತೀರ್ಮಾನವಾಗುತ್ತಿತ್ತು.” ಹೆಮ್ಮೆಯಿಂದ ಹೇಳಿದ ಮಾತಲ್ಲ ಅದು. ಅಡುಗೆಯ ಕ್ರಮ ಹೇಳಿದಂತೆ ಹೇಳಿದರು. ಇವತ್ತಿಗೂ ಏಳು ಗಂಟೆಗೆ ಕೈ ಫೋನಿನ ಕಡೆ ಹೋಗುತ್ತದಂತೆ.

ಮೇಜಿನ ಮೇಲಿದ್ದ ಗ್ರಂಥಾಲಯದ ಚೀಟಿಯೊಂದನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದರು. ಹೆಸರು. ವಯಸ್ಸು. ಐವತ್ತೊಂದು ಎಂದೆ. ಹುಟ್ಟಿದ ದಿನ ಕೇಳಿದರು. ಲೆಕ್ಕ ಹಾಕಿ, ಐವತ್ತು ಎಂದು ಬರೆದರು. ನಮ್ಮಲ್ಲಿ ನಡೆಯುತ್ತಿರುವ ವರ್ಷವನ್ನೇ ಹೇಳುವುದು ಎಂದೆ. ಇಲ್ಲಿ ತುಂಬಿದ್ದನ್ನು ಮಾತ್ರ ಎಂದರು. ಕೆಲಸಕ್ಕೆ ಹೋಗುತ್ತಿದ್ದರೋ, ಬಿಟ್ಟು ಬರುತ್ತಿದ್ದರೋ? ಗೊತ್ತಿಲ್ಲ. ಮಳೆಯಿತ್ತೋ? ಗೊತ್ತಿಲ್ಲ. ಜೊತೆಗೆ ಯಾರಾದರೂ ಇದ್ದರೋ? ಚಾಲಕ ನಿಲ್ಲಿಸಿದನೋ? “ನಿಲ್ಲಿಸಿದ ಅಂತ ಕಾಣುತ್ತದೆ,” ಎಂದೆ. “ಯಾರು ಹೇಳಿದ್ದು?” ಎಂದರು. ಉತ್ತರವಿಲ್ಲದ ಕಡೆಯೆಲ್ಲ ಗೆರೆ ಎಳೆದು ಜಾಗ ಬಿಟ್ಟರು. ಊಹೆಯನ್ನು ಒಂದಕ್ಷರವೂ ಸೇರಿಸಲಿಲ್ಲ. ನಾನು ಪಾಠ ಹೇಳುತ್ತಿದ್ದದ್ದನ್ನು ಆ ಮೇಜಿನ ಎದುರು ಕೂತು ಕಲಿತೆ.

ನನ್ನ ಲ್ಯಾಮಿನೇಟ್ ಹಾಳೆಯನ್ನೂ ತೋರಿಸಿದೆ. ಇದನ್ನು ತಿದ್ದಬಹುದೇ ಎಂದು ಕೇಳಿದೆ.

“ಎಷ್ಟು ವರ್ಷವಾದರೂ ತಿದ್ದಬಹುದು. ಆದರೆ ತಪ್ಪು ಯಾರದು ಎಂದು ಹೇಳಬೇಕು. ಪತ್ರಿಕೆಯದೋ, ಸುದ್ದಿ ಕೊಟ್ಟವರದೋ, ಕೊಟ್ಟವರಿಗೆ ತಪ್ಪಾಗಿ ಹೇಳಿದವರದೋ. ಅದಿಲ್ಲದ ತಿದ್ದುಪಡಿ ತಿದ್ದುಪಡಿಯಲ್ಲ.” ಚೀಟಿಯನ್ನು ನನ್ನ ಕಡೆ ತಳ್ಳಿದರು. “ಇದರ ಖಾಲಿ ಜಾಗ ತುಂಬಿಸಿ ಕಳಿಸಿ. ಅಚ್ಚು ಹಾಕಲು ನನ್ನ ಬಳಿ ಪತ್ರಿಕೆಯಿಲ್ಲ. ಆದರೆ ರಸ್ತೆಗಳ ಕಚೇರಿಗೆ ಒಂದು ಪ್ರತಿ ಕಳಿಸುತ್ತೇನೆ. ಗಮನಕ್ಕೆ ಬಂದಿಲ್ಲ ಎಂದು ಇನ್ನೊಮ್ಮೆ ಹೇಳುವುದು ಕಷ್ಟವಾಗುತ್ತದೆ.”

ಗ್ಲೆನೆಲ್ಗ್

ಅಡಿಲೇಡಿನಿಂದ ಟ್ರ್ಯಾಮು ಸಮುದ್ರದವರೆಗೂ ಹೋಗುತ್ತದೆ. ಗ್ಲೆನೆಲ್ಗಿನ ಕೊನೆಯ ನಿಲ್ದಾಣದಲ್ಲಿ ವಸುಧಾ ನಿಂತಿದ್ದಳು. ತಲೆ ಪೂರ್ತಿ ನೆರೆತಿತ್ತು. “ಬನ್ನಿ ಅತ್ತಿಗೆ. ಟ್ರ್ಯಾಮಲ್ಲಿ ಕೂರೋಕೆ ಜಾಗ ಸಿಕ್ತಾ?” ಎಂದು ನನ್ನ ಪೆಟ್ಟಿಗೆಗೆ ಕೈ ಹಾಕಿದಳು.

ಮಗಳು ಮಾನ್ಯಾ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಊಟಕ್ಕೆ ಕೂತಾಗ ನಾನು ಚೀಟಿಯನ್ನು ಮೇಜಿನ ಮೇಲಿಟ್ಟೆ. ಶೋಭಾಳ ವಿಷಯ ಹೇಳಿದೆ. ಅವರಿಬ್ಬರಿಗೂ ಅದು ಗೊತ್ತಿರಲಿಲ್ಲ. ಅಡಿಲೇಡಿಗೆ ಬರುವಾಗಲೇ ವಸುಧಾ ಬಳಗದ ಗುಂಪಿನಿಂದ ಹೊರಬಂದಿದ್ದಳು.

ಮಾನ್ಯಾ ಚಮಚ ಕೆಳಗಿಟ್ಟಳು. “ಐ ಪೋಸ್ಟೆಡ್ ಇಟ್, ಅತ್ತೆ,” ಎಂದಳು. ಅಪ್ಪ ಹೋದ ಮರುವಾರ ಆ ಬಡಾವಣೆಯ ಫೇಸ್‌ಬುಕ್ ಪುಟದಲ್ಲಿ ಎಲ್ಲ ಬರೆದಿದ್ದಳಂತೆ: ಜಾಗ, ಗಂಟೆ, ಲಾರಿ. ಪುಟ ನೋಡಿಕೊಳ್ಳುವವರು ಒಂದು ಗಂಟೆಯೊಳಗೆ ತೆಗೆದುಹಾಕಿದರು. ಕಳೆದುಹೋದ ನಾಯಿಗಳಿಗೂ ಒಳ್ಳೆಯ ಸುದ್ದಿಗಳಿಗೂ ಮಾತ್ರ ಆ ಪುಟವಂತೆ. “ಯುವರ್ ಥಿಂಗ್ ವಾಸ್ ಆಲ್ರೆಡಿ ಔಟ್. ಇನ್ ಪ್ರಿಂಟ್. ಹೂ ವಾಸ್ ಗೋಯಿಂಗ್ ಟು ಬಿಲೀವ್ ಮಿ?”

“ಮಾನ್ಯಾ,” ಎಂದಳು ವಸುಧಾ.

“ವಾಟ್, ಅಮ್ಮ? ಶೀ ಶುಡ್ ನೋ.” ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವಸುಧಾ ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ಆಮೇಲೆ ಫ್ರಿಜ್ಜಿನ ಮೇಲಿದ್ದ ಪೆನ್ನು ತಂದು ಒಂದೊಂದೇ ಖಾಲಿ ಜಾಗ ತುಂಬಿಸಿದಳು. ಐದು ಇಪ್ಪತ್ತು. ಕೆಲಸಕ್ಕೆ ಹೋಗುತ್ತಿದ್ದದ್ದು. ಮಳೆಯಿಲ್ಲ, ಮಂಜಿತ್ತು. ಜೊತೆಗೆ ಯಾರೂ ಇಲ್ಲ. ಚಾಲಕ ನಿಲ್ಲಿಸಿದ. ಆಂಬುಲೆನ್ಸು ಬರುವವರೆಗೂ ಹುಲ್ಲಿನ ಮೇಲೆ ಕೂತು ಶ್ರೀಕಂಠನ ಕೈ ಹಿಡಿದುಕೊಂಡಿದ್ದ. ಆಮೇಲೆ ವಸುಧಾಳಿಗೆ ಎರಡು ಪುಟದ ಪತ್ರ ಬರೆದಿದ್ದ. ‘ಯಾರು ಹೇಳಿದ್ದು’ ಎಂಬಲ್ಲಿ ಪ್ರತಿಸಲವೂ ಬರೆದಳು: ಪೊಲೀಸರು. ಚಾಲಕ. ಆಸ್ಪತ್ರೆ. ಉದ್ಯೋಗ ಎಂಬಲ್ಲಿ ಒಂದು ಕ್ಷಣ ಪೆನ್ನು ನಿಂತಿತು. ವೇರ್‌ಹೌಸ್ ಕಾರ್ಮಿಕ ಎಂದು ಬರೆದಳು. ಆ ಎರಡು ವರ್ಷದಲ್ಲಿ ಇದನ್ನೆಲ್ಲ ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಚೀಟಿಯ ಚಿತ್ರ ತೆಗೆದು ಮೌರೀನರಿಗೆ ಆಗಲೇ ಕಳಿಸಿದೆ. ಸಿಕ್ಕಿತು, ನಾಳೆ ಏಳಕ್ಕೆ ಫೋನು ಮಾಡುತ್ತೇನೆ ಎಂದು ಉತ್ತರ ಬಂತು. ಯಾರಿಗೆ ಎಂದು ಬರೆದಿರಲಿಲ್ಲ.

ಸಂಜೆ ವಸುಧಾ ನನ್ನನ್ನು ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಕರೆದುಕೊಂಡು ಹೋದಳು. ಅಲ್ಲಿ ಅದನ್ನು ಜೆಟ್ಟಿ ಎನ್ನುತ್ತಾರೆ. ತುದಿಯಲ್ಲಿ ನಾಲ್ಕೈದು ಜನ ಗಾಳ ಹಾಕಿ ನಿಂತಿದ್ದರು. ಮೈಸೂರಿನ ಪತ್ರಿಕೆಗೆ ಕೊಡಬೇಕಾದ ತಿದ್ದುಪಡಿಯ ಕರಡು ನನ್ನ ಡೈರಿಯಲ್ಲಿತ್ತು. ವಯಸ್ಸು ತಿದ್ದಿದ್ದೆ. ಉದ್ಯೋಗ ತಿದ್ದಿದ್ದೆ. ಸಾವಿನ ಕಾರಣ ತಿದ್ದಿದ್ದೆ. ‘ಈ ಮೊದಲು ತಪ್ಪಾಗಿ ಪ್ರಕಟವಾದದ್ದಕ್ಕೆ’ ಎಂದು ಕೊನೆಯ ಸಾಲು ಶುರುವಾಗಿ ಅಲ್ಲಿಗೇ ನಿಂತಿತ್ತು. ತಪ್ಪು ನನ್ನದು ಎಂದು ಬರೆಯಲು ನನಗೆ ಅಂಜಿಕೆಯಿರಲಿಲ್ಲ. ಅದು ನಿಜವೇ ಎಂದು ಗೊತ್ತಿರಲಿಲ್ಲ. ಅವಳ ತಪ್ಪನ್ನು ನನ್ನದೆಂದು ಬರೆದರೂ ಅದು ಮತ್ತೊಂದು ಸುಳ್ಳು ಸುದ್ದಿಯೇ. ಪತ್ರಿಕೆಯ ತುಣುಕನ್ನು ಅಂದು ನಾನು ಅವಳಿಗೂ ಕಳಿಸಿದ್ದೆ. ಅವಳು ಕೈಮುಗಿದ ಚಿತ್ರವೊಂದನ್ನು ಮರಳಿ ಕಳಿಸಿದ್ದಳು. ತಿದ್ದಿರಲಿಲ್ಲ.

ಕೇಳಿದೆ.

“ವಸುಧಾ, ಆ ದಿನ ಬೆಳಿಗ್ಗೆ ಫೋನಲ್ಲಿ ‘ಹಾರ್ಟ್’ ಅಂತ ಮೊದಲು ಅಂದವರು ಯಾರು? ನೀನಾ, ನಾನಾ?”

ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಿಗಿ ಮಾಡಿಕೊಂಡಳು. ಗಾಳ ಹಾಕಿದವನೊಬ್ಬ ಖಾಲಿ ದಾರವನ್ನು ಮೇಲೆಳೆದು, ನೋಡಿ, ಮತ್ತೆ ನೀರಿಗೆ ಬಿಟ್ಟ. “ಗಾಳಿ ಜಾಸ್ತಿ ಆಯ್ತು ಅತ್ತಿಗೆ,” ಎಂದಳು. “ಮನೆಗೆ ಹೋಗೋಣ.”

ಮೈಸೂರಿಗೆ ಬಂದ ಮೇಲೆ ಎರಡು ಸಲ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದ್ದೇನೆ. ಕರಡಿನ ಕೊನೆಯ ಸಾಲು ಇನ್ನೂ ಅಲ್ಲಿಗೇ ನಿಂತಿದೆ.